ಕಾಫಿ ಹಣ್ಣಿನ ಫೋಟೋದಲ್ಲಿ ಕೆಂಪು, ಹಸಿರು ಬೇರೆ ಮಾಡುವುದು: ಮಧ್ಯಾಹ್ನ ಸರಿ, ಸಂಜೆ ಪೂರ್ತಿ ತಪ್ಪು. ಏನು ಮಾಡಲಿ?

ಮೂಡಿಗೆರೆ_ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಅರೇಬಿಕಾ ಕೊಯ್ಲು ಶುರುವಾಗಿದೆ. ಸಂಜೆ ಕೆಲಸದವರು ಚೀಲ ತಂದು ಕಣದಲ್ಲಿ ನೀಲಿ ಟಾರ್ಪಾಲಿನ ಮೇಲೆ ಸುರಿಯುತ್ತಾರೆ. ಆ ರಾಶಿಯ ಫೋಟೋ ನೋಡಿ ಕೆಂಪು ಹಣ್ಣು ಎಷ್ಟು ಪಾಲು, ಹಸಿರು ಕಾಯಿ ಎಷ್ಟು, ಒಣಗಿ ಕಪ್ಪಾದದ್ದು ಎಷ್ಟು ಅಂತ ಹೇಳುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಪೈಥಾನ್ ಭಾಷೆ, ಜೊತೆಗೆ ಫೋಟೋ ಸಂಸ್ಕರಿಸುವ ಓಪನ್‌ಸಿವಿ ಲೈಬ್ರರಿ. ಫೋಟೋವನ್ನು ಎಚ್‌ಎಸ್‌ವಿಗೆ (ಹ್ಯೂ ಅಂದರೆ ಬಣ್ಣ ಯಾವುದು, ಸ್ಯಾಚುರೇಷನ್ ಅಂದರೆ ಎಷ್ಟು ಗಾಢ, ವ್ಯಾಲ್ಯೂ ಅಂದರೆ ಎಷ್ಟು ಬೆಳಕು) ಬದಲಿಸಿ ಇನ್‌ರೇಂಜ್ ಹಾಕಿದ್ದೇನೆ. ಅದು ಹೇಳಿದ ಮಿತಿಯೊಳಗಿನ ಪಿಕ್ಸೆಲ್ ಮಾತ್ರ ಉಳಿಸಿ ಮಾಸ್ಕ್ ಕೊಡುತ್ತದೆ. ಹ್ಯೂ 0ಯಿಂದ 10 ಇದ್ದರೆ ಕೆಂಪು, 35ರಿಂದ 85 ಇದ್ದರೆ ಹಸಿರು.

ಮಧ್ಯಾಹ್ನದ ಫೋಟೋಗೆ ಪರವಾಗಿಲ್ಲ. ಸಂಜೆ ಬಿಸಿಲಲ್ಲಿ ತೆಗೆದರೆ ಅರ್ಧ ಮಾಗಿದ ಕಾಯಿಯೂ ಕೆಂಪಿಗೆ ಸೇರುತ್ತದೆ. ಸಿಲ್ವರ್ ಓಕ್ ನೆರಳಲ್ಲಿ ತೆಗೆದರೆ ಚೆನ್ನಾಗಿ ಮಾಗಿದ ಹಣ್ಣೇ ಮಾಸ್ಕಿನಿಂದ ಮಾಯ. ಇದರ ಮೇಲೆ ಮಾಸ್ಕಿನಲ್ಲಿ ಪ್ರತಿ ಹಣ್ಣಿನ ನೆತ್ತಿಯಲ್ಲೂ ಒಂದು ತೂತು ಬೀಳುತ್ತದೆ. ನಂಬರು ತಿದ್ದುತ್ತಾ ಹೋದರೆ ಒಂದು ಫೋಟೋ ಸರಿಯಾಗುತ್ತದೆ, ಇನ್ನೊಂದು ಕೆಡುತ್ತದೆ. ಬೇರೆ ದಾರಿ ಇದೆಯಾ?

ಪಿಕ್ಸೆಲ್‌ಪ್ರಿಯೆ
ಮೊದಲು ಸುಲಭದ್ದು. ಹ್ಯೂ ಅನ್ನೋದು ವೃತ್ತ. ಕೆಂಪು ಸರಿಯಾಗಿ ಅದರ ಹೊಲಿಗೆಯ ಮೇಲೆ ಕೂತಿದೆ. ಓಪನ್‌ಸಿವಿಯಲ್ಲಿ 360 ಡಿಗ್ರಿಯನ್ನು ಅರ್ಧ ಮಾಡಿ 0ಯಿಂದ 179ರ ಒಳಗೆ ಇಡುತ್ತಾರೆ, 8 ಬಿಟ್‌ನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ ಅಂತ. ಹಾಗಾಗಿ ಕೆಂಪು ಎರಡು ತುಂಡು: 0ಯಿಂದ 10, ಮತ್ತೆ 170ರಿಂದ 179. ನೀವು ಒಂದೇ ತುಂಡು ಹಿಡಿದಿದ್ದೀರಿ.

ನೆರಳಲ್ಲಿ ಹಣ್ಣು ಮಾಯವಾಗುವುದು ಇದಕ್ಕೇ. ನೆರಳಿಗೆ ಬರುವುದು ನೇರ ಬಿಸಿಲಲ್ಲ, ಆಕಾಶದ ನೀಲಿ ಬೆಳಕು. ಕೆಂಪಿಗೆ ಸ್ವಲ್ಪ ನೀಲಿ ಸೇರಿದರೆ ಹ್ಯೂ ಹಿಂದಕ್ಕೆ ಜಾರಿ 175ರ ಆಸುಪಾಸಿಗೆ ಹೋಗುತ್ತದೆ. ಎರಡು ಮಾಸ್ಕ್ ಮಾಡಿ ಸೇರಿಸಿ. ಇಲ್ಲದಿದ್ದರೆ ಹ್ಯೂಗೆ 90 ಕೂಡಿಸಿ 180ರಿಂದ ಭಾಗಿಸಿ ಶೇಷ ತೆಗೆದುಕೊಳ್ಳಿ, ಕೆಂಪು ನಡುವಿಗೆ ಬರುತ್ತದೆ.

ಎಂಟೆಕ್_ಪರದಾಟ
ಇನ್ನೊಂದು ನೋಡಿ. ಓಪನ್‌ಸಿವಿ ಫೋಟೋ ಓದುವುದು ನೀಲಿ, ಹಸಿರು, ಕೆಂಪು ಈ ಕ್ರಮದಲ್ಲಿ. ಆರ್‌ಜಿಬಿ ಅಂದುಕೊಂಡು ಬದಲಿಸಿದರೆ ಹಣ್ಣೆಲ್ಲ ನೀಲಿ ಆಗುತ್ತದೆ.

ಮೂಡಿಗೆರೆ_ಹುಡುಗ
ಕ್ರಮ ಸರಿ ಇದೆ. 170ರ ತುಂಡು ಸೇರಿಸಿದೆ ಅಕ್ಕ, ನೆರಳಿನ ಹಣ್ಣು ವಾಪಸ್ ಬಂತು! ಆದರೆ ಸಂಜೆಯ ಕಾಟ ಹಾಗೇ ಇದೆ.

ಹಳೇಕ್ಯಾಮೆರಾ
ಸಂಜೆಯದ್ದು ಪ್ರೋಗ್ರಾಂ ತಪ್ಪಲ್ಲ, ಬೆಳಕಿನದ್ದು. ಇಳಿಬಿಸಿಲು ಎಲ್ಲದಕ್ಕೂ ಕೇಸರಿ ಬಳಿಯುತ್ತದೆ. ಅದರ ಮೇಲೆ ನಿಮ್ಮ ಫೋನ್ ಪ್ರತಿ ಸಲ ತನ್ನಿಷ್ಟದಂತೆ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ತಿದ್ದುಪಡಿ) ಬದಲಿಸುತ್ತದೆ. ಇಡೀ ಚೌಕಟ್ಟು ಕೆಂಪು ಹಣ್ಣಿನಿಂದ ತುಂಬಿದ್ದರೆ "ಓ, ದೀಪವೇ ಕೆಂಪಗಿದೆ" ಅಂದುಕೊಂಡು ಕೆಂಪನ್ನು ಇಳಿಸಿಬಿಡಬಹುದು. ಹಸಿರು ಜಾಸ್ತಿ ಇದ್ದರೆ ಉಲ್ಟಾ. ಅಂದರೆ ನೀವು ಅಳೆಯಬೇಕಾದ್ದನ್ನೇ ಫೋನ್ ಅಳಿಸುತ್ತಿದೆ.

ಕ್ಯಾಮೆರಾದ ಪ್ರೋ ಮೋಡ್‌ಗೆ ಹೋಗಿ. ವೈಟ್ ಬ್ಯಾಲೆನ್ಸ್, ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ), ಶಟರ್ ಮೂರನ್ನೂ ಕಟ್ಟಿಹಾಕಿ. ಫ್ರೇಮಿನ ಮೂಲೆಯಲ್ಲಿ ಒಂದು ಗ್ರೇ ಕಾರ್ಡ್ ಇಡಿ. ಬೂದು ಬಣ್ಣದಲ್ಲಿ ಕೆಂಪು, ಹಸಿರು, ನೀಲಿ ಸಮ ಇರಬೇಕು. ಇಲ್ಲದಿದ್ದರೆ ಎಷ್ಟು ವ್ಯತ್ಯಾಸ ಇದೆಯೋ ಅಷ್ಟನ್ನು ಇಡೀ ಫೋಟೋಗೆ ತಿದ್ದಿ. ಎಕ್ಸ್‌ಪೋಷರ್ ಸ್ವಲ್ಪ ಕಮ್ಮಿಯೇ ಇರಲಿ. ಕೆಂಪು ಚಾನಲ್ 255ಕ್ಕೆ ಮುಟ್ಟಿ ನಿಂತಿತು ಅಂದುಕೊಳ್ಳಿ. ಆಮೇಲೆ ಬೆಳಕು ಇನ್ನೂ ಏರಿದರೆ ಹಸಿರು, ನೀಲಿ ಮಾತ್ರ ಏರುತ್ತವೆ, ಹಣ್ಣು ಕಿತ್ತಳೆಯಾಗಿ ಕಾಣಬಹುದು.

ಪಿಕ್ಸೆಲ್‌ಪ್ರಿಯೆ
ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಒಂದು ಸೇರಿಸುತ್ತೇನೆ. ಆ ತಿದ್ದುಪಡಿಯನ್ನು ಗ್ಯಾಮಾ ತೆಗೆದ ಮೇಲೆ ಮಾಡಬೇಕು. ಜೆಪೆಗ್‌ನಲ್ಲಿರುವ ಸಂಖ್ಯೆಗಳು ಬೆಳಕಿನ ನೇರ ಅಳತೆಯಲ್ಲ, ಕಣ್ಣಿಗೆ ಹೊಂದುವಂತೆ ಬಗ್ಗಿಸಿದವು. 255ರಿಂದ ಭಾಗಿಸಿ, ಎಸ್‌ಆರ್‌ಜಿಬಿ ಸೂತ್ರದಿಂದ ನೇರ ಅಳತೆಗೆ ತಂದು, ಗುಣಿಸಿ, ಮತ್ತೆ ವಾಪಸ್ ಬಗ್ಗಿಸಿ. ಹಾಗೆ ಮಾಡದಿದ್ದರೆ ಬೂದು ಕಾರ್ಡ್ ಸರಿಹೋಗುತ್ತದೆ, ಕಪ್ಪು ಕೆಂಪು ಹಣ್ಣು ಪೂರ್ತಿ ಸರಿಹೋಗದೆ ಇರಬಹುದು.

ನರಜಾಲ
ಇಷ್ಟೆಲ್ಲ ಯಾಕೆ? ಫೋಟೋದ ಭಾಗಗಳನ್ನು ಬೇರೆ ಮಾಡುವ ನ್ಯೂರಲ್ ನೆಟ್‌ವರ್ಕ್ ಯೂನೆಟ್ ಬಂದಿದ್ದು 2015ರಲ್ಲಿ. ನೂರಿನ್ನೂರು ಫೋಟೋಗೆ ಲೇಬಲ್ ಹಾಕಿ ತರಬೇತಿ ಕೊಡಿ. ಬೆಳಕು, ನೆರಳು, ಹೊಳಪು ಎಲ್ಲ ಅದೇ ಕಲಿತುಕೊಳ್ಳುತ್ತದೆ. ಈ ಕಾಲದಲ್ಲೂ ಹ್ಯೂ ನಂಬರು ತಿದ್ದುತ್ತಾ ಕೂರುವುದು ಸಮಯ ದಂಡ.

ಎಂಟೆಕ್_ಪರದಾಟ
ಒಂದು ರಾಶಿಯ ಫೋಟೋದಲ್ಲಿ ನೂರಾರು ಹಣ್ಣು ಇರುತ್ತವೆ ಮಾರಾಯರೇ. ಪ್ರತಿಯೊಂದಕ್ಕೂ ಗೆರೆ ಎಳೆಯುವವರು ಯಾರು? ನೀವು ಬರುತ್ತೀರಾ?

ಪಿಕ್ಸೆಲ್‌ಪ್ರಿಯೆ
@ನರಜಾಲ, ತರಬೇತಿ ಫೋಟೋ ಎಲ್ಲ ನವೆಂಬರ್‌ನಲ್ಲಿ ತೆಗೆದದ್ದಾದರೆ ಜನವರಿಯ ಬೆಳಕಿಗೆ ಅದೂ ಎಡವುತ್ತದೆ. ಕ್ಯಾಮೆರಾ ಅಳಿಸಿದ ಬಣ್ಣವನ್ನು ಯಾವ ಜಾಲವೂ ಪೂರ್ತಿ ವಾಪಸ್ ತರುವುದಿಲ್ಲ. ಕಾಫಿ ಕಾಯಿ ಹಸಿರಿನಿಂದ ಹಳದಿ, ಹಳದಿಯಿಂದ ಕಿತ್ತಳೆ, ಆಮೇಲೆ ಕೆಂಪು. ಗೆರೆ ಹಾಕಬೇಕಾದ್ದು ಕಿತ್ತಳೆ ಮತ್ತು ಕೆಂಪಿನ ನಡುವೆ. ಬೆಳಕಿನ ಏರುಪೇರು ಆ ಅಂತರಕ್ಕಿಂತ ದೊಡ್ಡದಿದ್ದರೆ ನ್ಯೂರಲ್ ನೆಟ್‌ವರ್ಕ್ ಕೂಡ ಊಹೆಯನ್ನೇ ಮಾಡುವುದು.

ನರಜಾಲ
ಒಪ್ಪಿದೆ, ಬೆಳಕು ಸರಿಮಾಡಲಿ. ಆದರೆ ಆಮೇಲೂ ಪಿಕ್ಸೆಲ್ ಪಿಕ್ಸೆಲ್ ಕತ್ತರಿಸುವುದಕ್ಕೆ ನನ್ನ ವಿರೋಧ ಇದೆ. ಹೊಳಪಿನ ತೂತು ಬೀಳುವುದು ಅದರಿಂದಲೇ.

ಹಳೇಕ್ಯಾಮೆರಾ
ಆ ತೂತು ದೀಪದ ಪ್ರತಿಬಿಂಬ ಅಷ್ಟೇ. ಹಣ್ಣಿನ ಸಿಪ್ಪೆ ನುಣುಪು. ಅಲ್ಲಿಂದ ಬರುವ ಬೆಳಕಿಗೆ ಹಣ್ಣಿನ ಬಣ್ಣ ಇರುವುದಿಲ್ಲ, ದೀಪದ ಬಣ್ಣ ಇರುತ್ತದೆ. ಮೋಡದ ದಿನ ತೆಗೆದು ನೋಡಿ, ಕಮ್ಮಿಯಾಗುತ್ತದೆ. ಬಿಸಿಲಿದ್ದರೆ ಮೇಲೊಂದು ಬಿಳಿ ಪಂಚೆ ಕಟ್ಟಿ, ಬೆಳಕು ಸೋಸಿ ಬರುತ್ತದೆ.

ಪಿಕ್ಸೆಲ್‌ಪ್ರಿಯೆ
ಇದನ್ನೇ 1985ರಲ್ಲಿ ಸ್ಟೀವನ್ ಶೇಫರ್ ಸೂತ್ರವಾಗಿ ಬರೆದರು, ಡೈಕ್ರೊಮ್ಯಾಟಿಕ್ ರಿಫ್ಲೆಕ್ಷನ್ ಮಾಡೆಲ್ ಅಂತ. ವಸ್ತುವಿನಿಂದ ಬರುವ ಬೆಳಕು ಎರಡು ಭಾಗ: ಒಳಗೆ ಹೊಕ್ಕು ಬಣ್ಣ ಹೊತ್ತು ಬರುವುದು ಒಂದು, ಮೇಲ್ಮೈಯಿಂದ ಹಾಗೇ ಪುಟಿದು ಬರುವುದು ಇನ್ನೊಂದು. ಎರಡನೆಯದು ಜಾಸ್ತಿಯಾದ ಕಡೆ ಸ್ಯಾಚುರೇಷನ್ ಬೀಳುತ್ತದೆ, ವ್ಯಾಲ್ಯೂ ಏರುತ್ತದೆ. ಅಂಥ ಪಿಕ್ಸೆಲ್‌ಗಳನ್ನು "ಗೊತ್ತಿಲ್ಲ" ಅಂತ ಪಕ್ಕಕ್ಕಿಡಿ. ಕೆಂಪಲ್ಲ ಅಂತ ಎಣಿಸಬೇಡಿ.

ತೋಟದಮನೆ
ನಾನು ಕಂಪ್ಯೂಟರ್‌ನವನಲ್ಲ, ಕಾಫಿ ಬೆಳೆಯುವವನು. ಒಂದು ಪ್ರಶ್ನೆ. ರಾಶಿಯ ಫೋಟೋದಲ್ಲಿ ಮೇಲಿನ ಪದರ ಮಾತ್ರ ಅಲ್ವಾ ಕಾಣುವುದು? ಚೀಲದ ತಳದಲ್ಲಿ ಏನಿದೆ ಅಂತ ಫೋಟೋಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು. ಮಾಗಿದೆಯಾ ಅಂತ ನಾವು ನೋಡುವುದು ಬೆರಳಲ್ಲಿ ಒತ್ತಿ. ಮಾಗಿದ ಹಣ್ಣಾದರೆ ಬೀಜ ಪುಳಕ್ಕನೆ ಹೊರಗೆ ಬರುತ್ತದೆ. ಹಳದಿ ಹಣ್ಣು ಬಿಡುವ ಗಿಡಗಳೂ ಉಂಟು. ಮಾಗಿದರೂ ಅವು ಕೆಂಪಾಗುವುದಿಲ್ಲ. ನಿಮ್ಮ ಪ್ರೋಗ್ರಾಂ ಅದನ್ನೆಲ್ಲ ಕಾಯಿ ಅನ್ನುತ್ತದೆ.

ಮೂಡಿಗೆರೆ_ಹುಡುಗ
ನಮ್ಮಲ್ಲಿ ಹಳದಿ ಜಾತಿ ಇಲ್ಲ ಸರ್, ಎಸ್ 795 ಮತ್ತು ಚಂದ್ರಗಿರಿ ಮಾತ್ರ. ಪದರದ ಮಾತು ನಿಜ. ಚೀಲದ ಬೇರೆ ಬೇರೆ ಕಡೆಯಿಂದ ಹಿಡಿ ಹಿಡಿ ತೆಗೆದು ಒಂದು ಟ್ರೇಯಲ್ಲಿ ಒಂದೇ ಪದರ ಹರಡಿದರೆ ಹೇಗೆ?

ತೋಟದಮನೆ
ಅದು ಸರಿ. ಬೇಕಾದರೆ ಮೊದಲು ನೀರಿಗೆ ಹಾಕಿ ತೇಲುವುದನ್ನು ತೆಗೆದುಬಿಡಿ. ಒಣಗಿದ ಕಪ್ಪು ಹಣ್ಣು ಬಹುಪಾಲು ಅಲ್ಲೇ ಹೋಗುತ್ತದೆ, ನಿಮಗೂ ಕೆಲಸ ಕಮ್ಮಿ.

ಅಕ್ಕಿಗಿರಣಿ
ಗಂಗಾವತಿ ಕಡೆಯವನು. ನಮ್ಮ ಮಿಲ್‌ನಲ್ಲಿ ಕಲರ್ ಸಾರ್ಟರ್ ಇದೆ. ಅಕ್ಕಿ ಜಾರುಹಲಗೆಯ ಮೇಲೆ ತೆಳ್ಳಗೆ ಇಳಿಯುತ್ತದೆ, ಎರಡೂ ಕಡೆಯಿಂದ ಕ್ಯಾಮೆರಾ ನೋಡುತ್ತದೆ, ಕೆಟ್ಟ ಕಾಳು ಕಂಡರೆ ಗಾಳಿ ಊದಿ ಆಚೆ ತಳ್ಳುತ್ತದೆ. ಗಮನಿಸಿ, ಕ್ಯಾಮೆರಾ ಇರುವ ಜಾಗ ಪೂರ್ತಿ ಮುಚ್ಚಿದ ಪೆಟ್ಟಿಗೆ. ಹೊರಗಿನ ಬೆಳಕು ಒಂದು ಚೂರೂ ಒಳಗೆ ಬರುವುದಿಲ್ಲ. ಗಾಜಿನ ಮೇಲೆ ಧೂಳು ಕೂತರೆ ಒಳ್ಳೆ ಅಕ್ಕಿಯೂ ಆಚೆ ಹೋಗುತ್ತದೆ, ಅದಕ್ಕೇ ಅದನ್ನು ಒರೆಸುತ್ತಲೇ ಇರಬೇಕು. ಲಕ್ಷಗಟ್ಟಲೆ ರೂಪಾಯಿಯ ಯಂತ್ರಕ್ಕೇ ಇಷ್ಟು ನೇಮ ಇದೆ. ಬಯಲಲ್ಲಿ ಫೋಟೋ ತೆಗೆದು ನಂಬರು ಕೇಳಿದರೆ ಆಗುವುದಿಲ್ಲ ತಮ್ಮಾ.

ಎಂಟೆಕ್_ಪರದಾಟ
ಎಚ್‌ಎಸ್‌ವಿ ಬಿಟ್ಟು ಲ್ಯಾಬ್‌ಗೆ (ಎಲ್, ಎ, ಬಿ ಅಂತ ಮೂರು ಚಾನಲ್‌ಗಳಲ್ಲಿ ಬಣ್ಣ ಬರೆಯುವ ಪದ್ಧತಿ, ಎಲ್ ಅಂದರೆ ಬೆಳಕು) ಹೋಗಿ ಅಂತ ಯಾರೂ ಹೇಳಿಲ್ಲವಲ್ಲ! 1976ರ ಸಿಐಇ ಲ್ಯಾಬ್‌ನಲ್ಲಿ ಎ ಚಾನಲ್ ಅಂದರೇನೇ ಹಸಿರಿನಿಂದ ಕೆಂಪಿಗೆ ಹೋಗುವ ಗೆರೆ. ನಿಮ್ಮ ಸಮಸ್ಯೆಗೆ ಅಳತೆ ಕೊಟ್ಟು ಹೊಲಿಸಿದಂತಿದೆ. ಓಪನ್‌ಸಿವಿಯ 8 ಬಿಟ್ ರೂಪದಲ್ಲಿ 128 ನಡು. ಅದಕ್ಕಿಂತ ಕೆಳಗೆ ಹಸಿರು ಕಡೆ, ಮೇಲೆ ಕೆಂಪು ಕಡೆ. ವೃತ್ತದ ತಲೆನೋವು ಇಲ್ಲ. ಬೆಳಕಿನ ಏರಿಳಿತ ಬಹುಪಾಲು ಎಲ್ ಚಾನಲ್‌ಗೆ ಹೋಗುತ್ತದೆ. ಎ ಚಾನಲ್ ಮೇಲೆ ಓಟ್ಸು ವಿಧಾನ ಹಾಕಿ, ಗೆರೆಯನ್ನು ಅದೇ ಹುಡುಕುತ್ತದೆ.

ಪಿಕ್ಸೆಲ್‌ಪ್ರಿಯೆ
ಲ್ಯಾಬ್ ಸರಿ. ಓಟ್ಸು ಮಾತ್ರ ಬೇಡ, ಇಲ್ಲಿ ಬೇಡವೇ ಬೇಡ. ಇದನ್ನು ಬಿಡಿಸಿ ಹೇಳುತ್ತೇನೆ.

ನೊಬುಯುಕಿ ಓಟ್ಸು 1979ರಲ್ಲಿ ಕೊಟ್ಟ ವಿಧಾನ ಹಿಸ್ಟೋಗ್ರಾಂನಲ್ಲಿ (ಯಾವ ಬೆಲೆಯ ಪಿಕ್ಸೆಲ್ ಎಷ್ಟಿವೆ ಅನ್ನುವ ನಕ್ಷೆ) ಎರಡು ದಿಬ್ಬ ಇದೆ ಅಂತ ನಂಬಿಕೊಂಡು ನಡುವೆ ಗೆರೆ ಹಾಕುತ್ತದೆ. ರಾಶಿಯಲ್ಲಿ ಅರ್ಧ ಹಸಿರು, ಅರ್ಧ ಕೆಂಪು ಇದ್ದರೆ ಸೊಗಸಾಗಿ ಕೆಲಸ ಮಾಡುತ್ತದೆ. ಈಗ ಒಬ್ಬರು ತುಂಬಾ ಎಚ್ಚರಿಕೆಯಿಂದ ಬರೀ ಮಾಗಿದ ಹಣ್ಣು ಕುಯ್ದು ತಂದಿದ್ದಾರೆ ಅಂದುಕೊಳ್ಳಿ. ಎಲ್ಲವೂ ಕೆಂಪು. ದಿಬ್ಬ ಒಂದೇ. ಓಟ್ಸು ಸುಮ್ನೆ ಕೂರುವುದಿಲ್ಲ. ಆ ಒಂದೇ ದಿಬ್ಬವನ್ನು ನಡುವೆ ಸೀಳಿ, ತಿಳಿಗೆಂಪು ಹಣ್ಣನ್ನೆಲ್ಲ "ಕಾಯಿ" ಅನ್ನುತ್ತದೆ. ಅಂದರೆ ಚೆನ್ನಾಗಿ ಕುಯ್ದವರ ರಾಶಿಗೇ ದೊಡ್ಡ ಹೊಡೆತ. ಪಿಕ್ಸೆಲ್‌ಗಳನ್ನು ಗುಂಪು ಮಾಡುವ ಕೆ ಮೀನ್ಸ್ ವಿಧಾನದ ಕಥೆಯೂ ಅದೇ. ಮೂರು ಗುಂಪು ಕೇಳಿದರೆ ಮೂರು ಕೊಟ್ಟೇ ಕೊಡುತ್ತದೆ, ರಾಶಿಯಲ್ಲಿ ಒಂದೇ ಬಗೆ ಇದ್ದರೂ.

ಹಾಗಾಗಿ ಪ್ರತಿ ಫೋಟೋಗೂ ಹೊಸ ಗೆರೆ ಹುಡುಕುವ ಯಾವ ವಿಧಾನವೂ ಇಲ್ಲಿ ಸಲ್ಲದು. ಬೆಳಕನ್ನು ಕಟ್ಟಿಹಾಕಿ, ಗೆರೆಯನ್ನು ಒಂದೇ ಸಲ ನಿಗದಿ ಮಾಡಿ, ಎಲ್ಲರ ರಾಶಿಗೂ ಅದೇ ಗೆರೆ ಬಳಸಿ.

ಎಂಟೆಕ್_ಪರದಾಟ
ಓಹ್. ಈ ಕೋನದಿಂದ ಯೋಚಿಸಿರಲಿಲ್ಲ ಮೇಡಂ. ಪಠ್ಯದ ಉದಾಹರಣೆಗಳಲ್ಲಿ ಯಾವಾಗಲೂ ಎರಡು ದಿಬ್ಬ ಇರುತ್ತದೆ.

ಕಣದಕೂಗು
ಎಲ್ಲರೂ ತಂತ್ರಜ್ಞಾನದ್ದೇ ಮಾತಾಡುತ್ತಿದ್ದೀರಿ. ಈ ಸಂಖ್ಯೆಯನ್ನು ಯಾವುದಕ್ಕೆ ಬಳಸುತ್ತಾರೆ? ಹಸಿರು ಜಾಸ್ತಿ ಅಂತ ಕೂಲಿ ಕಡಿಯುವುದಕ್ಕಾ? ಕುಯ್ಯುವ ಹೆಂಗಸರು ಕಿಲೋ ಲೆಕ್ಕದಲ್ಲಿ ದುಡಿಯುತ್ತಾರೆ. ಬೆಳಕು ಕೇಸರಿಯಾಗಿತ್ತು ಅಂತ ಒಬ್ಬಾಕೆಯ ಕೂಲಿ ಹೆಚ್ಚು ಕಮ್ಮಿ ಆದರೆ ಯಾರು ಜವಾಬ್ದಾರಿ?

ಮೂಡಿಗೆರೆ_ಹುಡುಗ
ಕಡಿತಕ್ಕಲ್ಲ. ಮಾಗಿದ ಹಣ್ಣು ಜಾಸ್ತಿ ತಂದವರಿಗೆ ಕಿಲೋಗೆ ಇಷ್ಟು ಅಂತ ಮೇಲೆ ಕೊಡುವ ಯೋಚನೆ. ಈಗ ಮೇಸ್ತ್ರಿ ಕಣ್ಣಂದಾಜಲ್ಲಿ ಹೇಳುತ್ತಾರೆ, ಅದಕ್ಕೆ ದಿನಾ ಜಗಳ. ಒಂದು ನ್ಯಾಯದ ಅಳತೆ ಇರಲಿ ಅಂತಲೇ ಇದನ್ನು ಶುರುಮಾಡಿದ್ದು.

ಕಣದಕೂಗು
ಹಾಗಿದ್ದರೆ ಸಂತೋಷ. ಆದರೆ ಪರದೆಯನ್ನು ಅವರಿಗೂ ತೋರಿಸಿ. ಯಾವ ಹಣ್ಣನ್ನು ಕಾಯಿ ಅಂತ ಎಣಿಸಿದೆ ಅಂತ ಸುತ್ತು ಹಾಕಿ ತೋರಿಸಿದರೆ "ಇದು ಹಣ್ಣೇ ಅಲ್ವಾ" ಅಂತ ಅವರೇ ಹೇಳುತ್ತಾರೆ. ಅನುಮಾನ ಇರುವ ಹಣ್ಣನ್ನು ಕುಯ್ದವರ ಪರವಾಗಿ ಎಣಿಸಿ.

ತೋಟದಮನೆ
ಇದು ಒಳ್ಳೆ ಮಾತು. ತೋಟ ನಡೆಸುವವನಾಗಿ ಹೇಳುತ್ತೇನೆ, ಕೆಲಸದವರು ನಂಬದ ತಕ್ಕಡಿ ಕಣದಲ್ಲಿ ಒಂದು ವಾರ ಉಳಿಯುವುದಿಲ್ಲ.

ನರಜಾಲ
ಸುತ್ತು ಹಾಕಿ ತೋರಿಸಬೇಕು ಅಂದರೆ ನನ್ನ ಮಾತಿಗೇ ಬಂದಿರಿ. ಮೊದಲು ಹಣ್ಣು ಹಣ್ಣಾಗಿ ಬೇರೆ ಮಾಡಿ, ಆಮೇಲೆ ಬಣ್ಣ ನೋಡಿ. 2023ರಲ್ಲಿ ಬಂದ ಸೆಗ್ಮೆಂಟ್ ಎನಿಥಿಂಗ್ ಮಾಡೆಲ್ ನಾವು ಬೇರೆ ತರಬೇತಿ ಕೊಡದೆಯೇ ವಸ್ತುಗಳ ಅಂಚು ಕೊಡುತ್ತದೆ. ಅದು ಭಾರ ಅನಿಸಿದರೆ, ತಾಗಿಕೊಂಡ ವಸ್ತುಗಳನ್ನು ಬಿಡಿಸುವ ಹಳೇ ವಾಟರ್‌ಶೆಡ್ ವಿಧಾನ ಸಾಕು. ಟ್ರೇಯಿಂದ ಹಣ್ಣನ್ನು ಬೇರೆ ಮಾಡಿ, ಡಿಸ್ಟೆನ್ಸ್ ಟ್ರಾನ್ಸ್‌ಫಾರ್ಮ್ (ಪ್ರತಿ ಪಿಕ್ಸೆಲ್ ಅಂಚಿನಿಂದ ಎಷ್ಟು ದೂರ ಅನ್ನುವ ಲೆಕ್ಕ) ತೆಗೆದು, ಅದರ ಶಿಖರಗಳಿಂದ, ಅಂದರೆ ಹಣ್ಣಿನ ನಡುವಿನಿಂದ, ನೀರು ತುಂಬಿಸಿದಂತೆ ಗುರುತನ್ನು ಹರಡಿ. ಒಂದಕ್ಕೊಂದು ತಾಗಿಕೊಂಡ ದುಂಡು ಹಣ್ಣು ಚೆನ್ನಾಗಿ ಬಿಡಿಸಿಕೊಳ್ಳುತ್ತವೆ. ಪ್ರತಿ ಹಣ್ಣಿನ ಎ ಚಾನಲ್‌ನ ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ) ತೆಗೆದುಕೊಳ್ಳಿ. ನೆತ್ತಿಯ ಹೊಳಪು ಹತ್ತರಲ್ಲಿ ಒಂದು ಪಾಲು ಪಿಕ್ಸೆಲ್ ಇದ್ದರೂ ಮೀಡಿಯನ್ ಅಲ್ಲಾಡುವುದಿಲ್ಲ.

ಪಿಕ್ಸೆಲ್‌ಪ್ರಿಯೆ
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಕಪ್ಪು ಹಣ್ಣಿನ ಕಾಟವೂ ಹೀಗೇ ಬಗೆಹರಿಯುತ್ತದೆ. ಕಪ್ಪಾದ ಹಣ್ಣಿನಲ್ಲಿ ಹ್ಯೂ ಕೇಳಲೇಬಾರದು. ಮೂರು ಚಾನಲ್‌ಗಳೂ ಹತ್ತಿರ ಹತ್ತಿರ ಇದ್ದಾಗ ಸಣ್ಣ ಗದ್ದಲಕ್ಕೂ ಹ್ಯೂ ಎತ್ತೆತ್ತಲೋ ಹಾರುತ್ತದೆ. ಮೊದಲು ಎಲ್ ಕಮ್ಮಿ ಇದೆಯಾ, ಬಣ್ಣದ ಗಾಢತೆ ಕಮ್ಮಿ ಇದೆಯಾ ನೋಡಿ. ಎರಡೂ ಹೌದಾದರೆ ಕಪ್ಪು. ಉಳಿದವಕ್ಕೆ ಮಾತ್ರ ಕೆಂಪು, ಹಸಿರು ಪ್ರಶ್ನೆ. ರಾಶಿಯಲ್ಲಿ ಹಣ್ಣುಗಳ ಸಂದಿಯ ನೆರಳೂ ಕಪ್ಪು ಹಣ್ಣಿನ ಥರವೇ ಕಾಣುತ್ತದೆ. ಟ್ರೇಯಲ್ಲಿ ಒಂದೇ ಪದರ ಹರಡಿದರೆ ಆ ಗೊಂದಲವೂ ಇಳಿಯುತ್ತದೆ.

ಹಳೇಕ್ಯಾಮೆರಾ
ಟ್ರೇ ಯಾವ ಬಣ್ಣದ್ದು? ನೀಲಿ ಟಾರ್ಪಾಲು ಬೇಡ. ಅದರ ನೀಲಿ ಹಣ್ಣಿನ ತಳಕ್ಕೆ ಚಿಮ್ಮಿ ಅಂಚೆಲ್ಲ ನೇರಳೆಯಾಗುತ್ತದೆ.

ಎಂಟೆಕ್_ಪರದಾಟ
ಆದರೆ ಹಣ್ಣಿನಲ್ಲಿ ಇಲ್ಲದ ಬಣ್ಣ ನೀಲಿ ಒಂದೇ ಅಲ್ವಾ? ಸಿನಿಮಾದವರು ಹಿಂದೆ ಹಸಿರು, ನೀಲಿ ಪರದೆ ಕಟ್ಟುವುದು ಅದಕ್ಕೇ.

ಹಳೇಕ್ಯಾಮೆರಾ
ಸಿನಿಮಾದವರು ಪರದೆಯಿಂದ ನಟರನ್ನು ದೂರ ನಿಲ್ಲಿಸುತ್ತಾರೆ, ಬಣ್ಣ ಚಿಮ್ಮಬಾರದು ಅಂತ. ಇಲ್ಲಿ ಹಣ್ಣು ಟ್ರೇ ಮೇಲೇ ಕೂತಿದೆ. ಹೊಳಪಿಲ್ಲದ ತಿಳಿ ಬೂದು ಟ್ರೇ ಮಾಡಿಸಿ. ಬೂದಿಗೆ ಬಣ್ಣವೇ ಇಲ್ಲ, ಹಣ್ಣಿಗೆ ಅಂಟುವುದೂ ಇಲ್ಲ. ಇಡೀ ಟ್ರೇಯೇ ಗ್ರೇ ಕಾರ್ಡ್ ಆಗುತ್ತದೆ, ಬೇರೆ ಕಾರ್ಡ್ ಬೇಡ.

ಎಂಟೆಕ್_ಪರದಾಟ
ಟ್ರೇಯೇ ಕಾರ್ಡ್! ಇದು ಇಷ್ಟವಾಯಿತು.

ಬ್ಯಾಡಗಿಬಣ್ಣ
ಹಾವೇರಿ ಜಿಲ್ಲೆಯವನು. ಇದನ್ನೇ ಬ್ಯಾಡಗಿ ಮೆಣಸಿನಕಾಯಿಗೆ ಬಳಸಬಹುದಾ? ಮಾರುಕಟ್ಟೆಯಲ್ಲಿ ಬಣ್ಣದ ಮೇಲೇ ರೇಟು ನಿಲ್ಲುತ್ತದೆ.

ಪಿಕ್ಸೆಲ್‌ಪ್ರಿಯೆ
ಬಣ್ಣ ಕಳೆದು ಬಿಳಿಚಿದ ಕಾಯಿ, ತೊಟ್ಟು, ಕಸ ಬೇರೆ ಮಾಡಲು ಖಂಡಿತ ಆಗುತ್ತದೆ. ಆದರೆ ಖರೀದಿದಾರರು ಕೇಳುವ ಆಸ್ಟಾ ಬಣ್ಣದ ಅಂಕಿ ಫೋಟೋದಿಂದ ಸಿಗುವುದಿಲ್ಲ. ಅದಕ್ಕೆ ಪುಡಿಯಿಂದ ಅಸಿಟೋನ್‌ನಲ್ಲಿ ಬಣ್ಣ ಇಳಿಸಿ, 460 ನ್ಯಾನೋಮೀಟರ್ ಬೆಳಕಿನಲ್ಲಿ ಎಷ್ಟು ಹೀರುತ್ತದೆ ಅಂತ ಯಂತ್ರದಲ್ಲಿ ಅಳೆಯುತ್ತಾರೆ. ಕಾಯಿಯೊಳಗೆ ಒಟ್ಟು ಎಷ್ಟು ಬಣ್ಣ ಇದೆ ಅನ್ನುವುದು ಅದು. ಕ್ಯಾಮೆರಾ ನೋಡುವುದು ಸಿಪ್ಪೆಯ ಹೊರಮೈ ಮಾತ್ರ.

ಬ್ಯಾಡಗಿಬಣ್ಣ
ತೊಟ್ಟು, ಕಸ ಬೇರೆ ಆದರೂ ಸಾಕು ಮೇಡಂ. ನಾನು ಬೇರೆ ಚರ್ಚೆ ಶುರು ಮಾಡುತ್ತೇನೆ.

ಮೂಡಿಗೆರೆ_ಹುಡುಗ
ಪ್ಲೈವುಡ್ ಪೆಟ್ಟಿಗೆಯೊಳಗೆ ಬೂದು ಟ್ರೇ, ಮೇಲೆ ಬಿಳಿ ಬಟ್ಟೆಯ ಹಿಂದೆ ಎಲ್‌ಇಡಿ, ನಡುವಿನ ತೂತಿನಲ್ಲಿ ಫೋನ್. ಇಷ್ಟು ಸಿದ್ಧವಾಗಿದೆ. ವೈಟ್ ಬ್ಯಾಲೆನ್ಸ್ ಕಟ್ಟಿದೆ. ಈಗ ಬೆಳಿಗ್ಗೆ, ಸಂಜೆ ವ್ಯತ್ಯಾಸವೇ ಇಲ್ಲ, ಖುಷಿಯಾಗಿದೆ. ಎರಡು ಕಾಟ ಉಳಿದಿವೆ. ಕೆಲವು ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬರುತ್ತದೆ. ಮತ್ತೆ ರೈಟರ್ (ತೋಟದ ಲೆಕ್ಕ ನೋಡುವವರು) ಕಳಿಸುವ ಫೋಟೋಗಳಲ್ಲಿ ಹಣ್ಣಿನ ಅಂಚು ಕಲಸಿಕೊಂಡಿರುತ್ತದೆ, ನನ್ನ ಫೋನಿನಲ್ಲಿ ಹಾಗಿಲ್ಲ.

ಎಂಟೆಕ್_ಪರದಾಟ
ರೈಟರ್ ವಾಟ್ಸಾಪ್‌ನಲ್ಲಿ ಕಳಿಸುತ್ತಾರಾ? ಅದು ಫೋಟೋವನ್ನು ಕುಗ್ಗಿಸಿ ಮತ್ತೆ ಜೆಪೆಗ್ ಮಾಡುತ್ತದೆ. ಸಾಮಾನ್ಯವಾಗಿ ಜೆಪೆಗ್‌ನಲ್ಲಿ ಬೆಳಕಿನ ವಿವರ ಪೂರ್ತಿ ಇರುತ್ತದೆ, ಬಣ್ಣದ ವಿವರ ಮಾತ್ರ ಉದ್ದದಲ್ಲೂ ಅಗಲದಲ್ಲೂ ಅರ್ಧಕ್ಕೆ ಇಳಿದಿರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಬಣ್ಣದ ಮೇಲೆ ಕತ್ತರಿಸುವವರಿಗೆ ಅಂಚಿನಲ್ಲಿ ಕೆಂಪು, ಹಸಿರು ಒಂದರೊಳಗೊಂದು ಸೋರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಪ್ರತಿ ಹಣ್ಣಿನ ಮಾಸ್ಕನ್ನು ಅಂಚಿನಿಂದ ಎರಡು ಮೂರು ಪಿಕ್ಸೆಲ್ ಸವೆಸಿ, ಆಮೇಲೆ ಮೀಡಿಯನ್ ತೆಗೆಯಿರಿ.

ಹಳೇಕ್ಯಾಮೆರಾ
ಪಟ್ಟಿ ಬರುವುದು ಎಲ್‌ಇಡಿ ಮಿನುಗುವುದರಿಂದ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಫೋನಿನ ಸೆನ್ಸರ್ ಸಾಲು ಸಾಲಾಗಿ ಓದುವುದರಿಂದ ಆ ಏರಿಳಿತ ಪಟ್ಟಿಯಾಗಿ ಕಾಣುತ್ತದೆ. ಶಟರ್ 1/50 ಅಥವಾ 1/100ಕ್ಕೆ ಇಡಿ. ಬ್ಯಾಟರಿಯಿಂದ ನೇರ ಡಿಸಿಯಲ್ಲಿ ಉರಿಸಿದರೆ ಇನ್ನೂ ಒಳ್ಳೆಯದು, ಕರೆಂಟು ಹೋದಾಗಲೂ ಕೆಲಸ ನಡೆಯುತ್ತದೆ.

ದೀಪ ಕೊಳ್ಳುವಾಗ ಸಿಆರ್‌ಐ (ದೀಪದಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕಿ) 80, 90 ಅಂತ ಬರೆದಿರುವುದನ್ನು ಮಾತ್ರ ನಂಬಬೇಡಿ. ಆ ಅಂಕಿ ಎಂಟು ಮಂದ ಬಣ್ಣಗಳ ಸರಾಸರಿ. ಗಾಢ ಕೆಂಪು ಅದರಲ್ಲಿ ಸೇರಿಲ್ಲ. ಅದಕ್ಕೆ ಆರ್9 ಅಂತ ಬೇರೆ ಅಂಕಿ ಇದೆ. ಅದು ಕಮ್ಮಿ ಇರುವ ದೀಪದಲ್ಲಿ ಮಾಗಿದ ಹಣ್ಣು ಕಂದಾಗಿ ಕಾಣುತ್ತದೆ, ನಿಮ್ಮ ಕೆಂಪು, ಕಿತ್ತಳೆ ಅಂತರವೇ ಕುಗ್ಗುತ್ತದೆ.

ಅಕ್ಕಿಗಿರಣಿ
ಆರ್9 ವಿಷಯ ನನಗೂ ಹೊಸದು. ಬರೆದಿಟ್ಟುಕೊಂಡೆ.

ನರಜಾಲ
ಸರಿಯಾಗಿದೆಯಾ ಅಂತ ಹೇಗೆ ಅಳೆಯುತ್ತಿದ್ದೀರಿ? ಪಿಕ್ಸೆಲ್ ನಿಖರತೆ ನೋಡಬೇಡಿ. ಟ್ರೇಯಲ್ಲಿ ನೂರಕ್ಕೆ 95 ಕೆಂಪಿದ್ದರೆ, "ಎಲ್ಲವೂ ಕೆಂಪು" ಅನ್ನುವ ಪೆದ್ದು ಪ್ರೋಗ್ರಾಂಗೂ 95 ಅಂಕ ಬರುತ್ತದೆ. ಹಸಿರಿಗೆ, ಕಪ್ಪಿಗೆ ಬೇರೆ ಬೇರೆ ಐಒಯು (ಪ್ರೋಗ್ರಾಂ ಗುರುತಿಸಿದ ಜಾಗ ನಿಜವಾದ ಜಾಗಕ್ಕೆ ಎಷ್ಟು ಹೊಂದುತ್ತದೆ ಅನ್ನುವ ಅಳತೆ) ತೆಗೆಯಿರಿ. ಪರೀಕ್ಷೆಯ ಫೋಟೋಗಳು ಗೆರೆ ನಿಗದಿ ಮಾಡಿದ ದಿನದವು ಆಗಿರಬಾರದು.

ತೋಟದಮನೆ
ಅಷ್ಟೆಲ್ಲ ಯಾಕೆ? ಟ್ರೇಯ ಹಣ್ಣನ್ನು ಕೈಯಲ್ಲಿ ಆರಿಸಿ ಮೂರು ಗುಡ್ಡೆ ಮಾಡಿ ತೂಗಿ. ಪ್ರೋಗ್ರಾಂ ಹೇಳಿದ್ದಕ್ಕೆ ಹೋಲಿಸಿ. ತೂಕದಲ್ಲಿ ಮಾತ್ರ ನೋಡಿ, ಯಾಕೆಂದರೆ ನೀವು ದುಡ್ಡು ಕೊಡುವುದು ಕಿಲೋಗೆ. ಕಾಯಿ, ಹಣ್ಣು, ಒಣಗಿದ್ದು ಮೂರರ ತೂಕವೂ ಬೇರೆ. ಫೋಟೋದಲ್ಲಿ ಒಂದೇ ಅಗಲ ಕಂಡರೂ ತಕ್ಕಡಿಯಲ್ಲಿ ಒಂದೇ ಆಗುವುದಿಲ್ಲ.

ನರಜಾಲ
ಸರ್, ಇದು ಐಒಯುಗಿಂತ ಒಳ್ಳೆ ಪರೀಕ್ಷೆ.

ಕಣದಕೂಗು
ಆರಿಸುವ ಕೆಲಸ ಕುಯ್ಯುವವರ ಕೈಗೇ ಕೊಡಿ. ಯಾವುದು ಹಣ್ಣು, ಯಾವುದು ಕಾಯಿ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಹೊತ್ತಿನ ಕೂಲಿಯನ್ನೂ ಕೊಡಿ.

ಪಿಕ್ಸೆಲ್‌ಪ್ರಿಯೆ
ಇಬ್ಬರು ಬೇರೆ ಬೇರೆಯಾಗಿ ಆರಿಸಲಿ. ಕಿತ್ತಳೆ ಹಣ್ಣಿನಲ್ಲಿ ಅವರಿಬ್ಬರಿಗೇ ಭಿನ್ನಾಭಿಪ್ರಾಯ ಎಷ್ಟಿದೆ ಅಂತ ಗೊತ್ತಾಗುತ್ತದೆ. ಅದಕ್ಕಿಂತ ಕಮ್ಮಿ ತಪ್ಪನ್ನು ಪ್ರೋಗ್ರಾಂನಿಂದ ಕೇಳುವುದರಲ್ಲಿ ಅರ್ಥವಿಲ್ಲ. ಗಂಡಸರು ಆರಿಸುವುದಾದರೆ ಕೆಂಪು, ಹಸಿರು ಬಣ್ಣಗುರುಡು ಇಲ್ಲ ಅಂತ ಮೊದಲೇ ನೋಡಿಕೊಳ್ಳಿ. ಅದು ಗಂಡಸರಲ್ಲೇ ಜಾಸ್ತಿ.

ಮೂಡಿಗೆರೆ_ಹುಡುಗ
ಶಟರ್ 1/100 ಮಾಡಿದೆ, ಪಟ್ಟಿ ಹೋಯಿತು. ನಾಳೆ ಇಬ್ಬರು ಅಕ್ಕಂದಿರು ಆರಿಸಿ ಕೊಡುತ್ತೇವೆ ಅಂದಿದ್ದಾರೆ. ತೂಗಿ ಲೆಕ್ಕ ಹಾಕುತ್ತೇನೆ. ರೋಬಸ್ಟಾ ಕೊಯ್ಲಿಗೂ ಇದೇ ಗೆರೆ ನಡೆಯುತ್ತದಾ?

ತೋಟದಮನೆ
ಇಲ್ಲ. ರೋಬಸ್ಟಾ ಹಣ್ಣು ಸಣ್ಣದು, ಕೆಂಪೂ ಬೇರೆ ಥರ. ಗಿಡದಲ್ಲೇ ಒಣಗಿದ್ದು ಜಾಸ್ತಿ ಬರುತ್ತದೆ. ಮತ್ತೆ ಆರಿಸಿ, ಮತ್ತೆ ತೂಗಿ, ಅದಕ್ಕೆ ಬೇರೆ ಗೆರೆ ಹಾಕಿ.